ಹಲ್ಲು ನೋವು ಎಮರ್ಜೆನ್ಸಿ ಲೆಕ್ಕಕ್ಕೆ ಬರುವುದಿಲ್ಲ

ಹೋದ ತಿಂಗಳ ಕೊನೇ ಭಾನುವಾರ ಬೆಳಿಗ್ಗೆ ನಮ್ಮ ಮಹಡಿ ಮನೆಯ ಹುಡುಗಿ ಮೇಘನಾ ಒಂದು ಕೆನ್ನೆಯನ್ನು ಎರಡು ಕೆನ್ನೆಯಷ್ಟು ಮಾಡಿಕೊಂಡು ಕೆಳಗೆ ಬಂದಳು. ಬಂದು ನಾಲ್ಕು ಲವಂಗ ಕೇಳಿದಳು.

ಕೊಟ್ಟೆ. "ಡಾಕ್ಟ್ರ ಹತ್ರ ಹೋಗಲ್ವಾ?" ಅಂದೆ.

"ಮೂರ್ ವಾರ ತಡ್ಕೊಂಡಿದ್ದೀನಿ, ಒಂದನೇ ತಾರೀಕು ಹೋಗ್ತೀನಿ ಅಜ್ಜಿ. ಸಂಬಳ ಆಗ್ಲಿ."

ಹಲ್ಲಿಗೆ ತಾರೀಕು ಗೊತ್ತಾಗುತ್ತದೆಯೇ? ಕೇಳಲಿಲ್ಲ. ಕೇಳಿದರೆ ಅವಳು ಉತ್ತರ ಕೊಡಬೇಕು, ಬಾಯಿ ತೆಗೆದರೆ ನೋವು. (ಬಾಡಿಗೆಯವರ ಮೇಲೆ ನನಗಿರುವ ಕರುಣೆ ಇಷ್ಟೇ.)

ಮೇಘನಾ ಅಟ್ಟೂರಿನ ನಮ್ಮ ಮನೆಗೆ ಬಂದು ಎರಡು ವರ್ಷವಾಯಿತು. ಹೆಬ್ಬಾಳದ ಆಚೆ ಒಂದು ಗಾಜಿನ ಕಟ್ಟಡದಲ್ಲಿ ಕೆಲಸ. ಬೇರೆ ಕಂಪನಿಗಳ ಲೆಕ್ಕ ಸರಿಯಿದೆಯೇ ಎಂದು ನೋಡುವುದು. ಸಂಬಳ ಚೆನ್ನಾಗಿಯೇ ಬರುತ್ತದೆ. ಬಾಡಿಗೆ ಒಂದು ದಿನವೂ ತಡವಾಗಿಲ್ಲ. ನಲ್ಲಿ ತೆರೆದಿಟ್ಟು ಹೋಗಿಲ್ಲ. ಆಟೋಗೆ ಮೂರು ಆಪಿನಲ್ಲಿ ರೇಟು ನೋಡಿ, ಆಮೇಲೆ ಬಸ್ಸು ಹತ್ತುತ್ತಾಳೆ. ಇಂಥ ಹುಡುಗಿಯ ಮೇಲೆ ತಪ್ಪು ಹೊರಿಸಲು ನನಗೂ ಕಷ್ಟವೇ. ಆದರೂ ಹೊರಿಸುತ್ತೇನೆ.

ಅವಳ ಫೋನಿನಲ್ಲಿ ದುಡ್ಡಿನ ಡಬ್ಬಿಗಳಿವೆ. ಒಂದೊಂದಕ್ಕೂ ಹೆಸರು. ‘ಅಮ್ಮನ ಬಳೆ’. ‘ಲಡಾಖ್’. ‘ಸ್ವಂತ ಮನೆ’. ಎಲ್ಲಕ್ಕಿಂತ ಮೇಲೆ ‘ಎಮರ್ಜೆನ್ಸಿ’. ಕೆಲಸ ಹೋದರೆ ಆರು ತಿಂಗಳು ಬದುಕಲು ಬೇಕಾದ ದುಡ್ಡು ಅದು. ಗುರಿ ಮೂರು ಲಕ್ಷ. ಡಬ್ಬಿ ಎಷ್ಟು ತುಂಬಿದೆ ಎಂದು ಫೋನೇ ಹೇಳುತ್ತದೆ. ಲವಂಗ ಕೇಳಲು ಬಂದ ದಿನ ನೂರಕ್ಕೆ ತೊಂಬತ್ತೇಳು ತುಂಬಿತ್ತು.

ಕಾಯಿಲೆ ಗೊತ್ತಾಯಿತಲ್ಲ? ಹಲ್ಲಿನದಲ್ಲ, ಇನ್ನೊಂದು.

ಆವತ್ತು ನಮ್ಮ ಮನೆಯಲ್ಲಿ ಚೀಟಿ ಇತ್ತು. ತಿಂಗಳಿಗೊಂದು ಭಾನುವಾರ ಬೀದಿಯ ಹೆಂಗಸರೆಲ್ಲ ಸೇರಿ ದುಡ್ಡು ಹಾಕುತ್ತೇವೆ. ಯಾರಿಗೆ ಅವಸರವೋ ಅವರು ಸ್ವಲ್ಪ ಬಿಟ್ಟುಕೊಟ್ಟು ಹರಾಜಿನಲ್ಲಿ ಎತ್ತಿಕೊಳ್ಳುತ್ತಾರೆ. ಬಿಟ್ಟದ್ದನ್ನು ಎಲ್ಲರೂ ಹಂಚಿಕೊಳ್ಳುತ್ತೇವೆ. ಮೇಘನಾಳನ್ನೂ ಒಮ್ಮೆ ಕರೆದಿದ್ದೆ. "ರಿಜಿಸ್ಟರ್ ಆಗಿದ್ಯಾ ಅಜ್ಜಿ?" ಅಂದಳು. ಎಲ್ಲರ ಮನೆ ನನಗೆ ಗೊತ್ತು, ಅಷ್ಟು ಸಾಲದೇ ಅಂದೆ. ಸಾಲದಂತೆ.

ಪಕ್ಕದ ಓಣಿಯಲ್ಲಿ ಬ್ಲೌಸ್ ಹೊಲಿಯುವ ಶಾಹಿದಾ, ಲವಂಗ ಕಚ್ಚಿಕೊಂಡು ಇನ್ನೂ ಅಲ್ಲೇ ನಿಂತಿದ್ದ ಮೇಘನಾಳ ಮುಖ ನೋಡಿದಳು. "ಏನ್ ಮಗಳೇ, ಒಂದ್ ಕಡೆ ಲಡ್ಡು ಇಟ್ಕೊಂಡಿದ್ಯಾ?"

"ಹಲ್ಲು ನೋವು ಆಂಟಿ."

"ತೋರ್ಸೋಕೆ ದುಡ್ಡಿಲ್ವಾ?"

"ಇದೆ."

"ಎಷ್ಟಿದೆ?"

ಹುಡುಗಿ ಸುಳ್ಳು ಹೇಳುವುದಿಲ್ಲ. ಇದ್ದಷ್ಟನ್ನೂ ಹೇಳಿದಳು. ನಮ್ಮ ಇಡೀ ಚೀಟಿ ಅದರ ಅರ್ಧವೂ ಇಲ್ಲ.

"ಅದು ಎಮರ್ಜೆನ್ಸಿಗೆ ಇಟ್ಟಿರೋದು ಆಂಟಿ."

"ಮತ್ತೆ ಇದೇನಮ್ಮಾ?"

"ಎಮರ್ಜೆನ್ಸಿ ಅಂದ್ರೆ ಕೆಲಸ ಹೋಗೋದು, ಆಸ್ಪತ್ರೆಗೆ ಅಡ್ಮಿಟ್ ಆಗೋದು. ಹಲ್ಲಿಗೆ ಕ್ಲಿನಿಕ್ ಅಷ್ಟೇ. ಈಗ ತೆಗೆದ್ರೆ ತೊಂಬತ್ತೈದರ ಕೆಳಗೆ ಹೋಗುತ್ತೆ. ಇನ್ನೊಂದ್ ಸಂಬಳ ಬಂದ್ರೆ ನೂರು."

ಶಾಹಿದಾ ಆ ತಿಂಗಳ ಚೀಟಿ ಎತ್ತಲೆಂದೇ ಬಂದಿದ್ದಳು. ಅವಳಿಗೆ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷಿನ್ ಬೇಕಿತ್ತು. ಆದರೂ ಅಂದಳು, "ಸೇರಿಲ್ದಿದ್ರೂ ಪರ್ವಾಗಿಲ್ಲ, ಈ ಸಲ ಚೀಟಿ ನೀನೇ ಎತ್ಕೋ. ಯಾರೂ ಕೂಗಲ್ಲ. ಆಮೇಲೆ ಕಟ್ಟು."

"ಬೇಡ ಆಂಟಿ. ಸಾಲ ಮಾಡಬಾರ್ದು ಅಂತ ರೂಲ್ ಇದೆ."

"ಯಾರ್ ಮಾಡಿದ್ ರೂಲು?"

"ನಾನೇ."

"ನೀನೇ ಮುರಿ. ಫೈನ್ ಹಾಕೋಕೆ ಪೊಲೀಸ್ ಬರ್ತಾನಾ?"

ಹುಡುಗಿ ನನ್ನ ಕಡೆ ತಿರುಗಿದಳು. "ಅಜ್ಜಿ, ನಿಮ್ದೂ ಒಂದು ಎಫ್‌ಡಿ ಇದ್ಯಲ್ಲ, ನಿಮ್ಮ ತಿಥಿ ಖರ್ಚಿಗೆ ಅಂತ. ಮಂಡಿ ನೋವು ಅಂತ ಒಂದ್ ವರ್ಷದಿಂದ ಕುಂಟ್ತಿದ್ದೀರ. ಅದನ್ನ ಮುರಿದ್ರಾ? ನಿಮ್ಮ ಗೋಲ್ ರೀಚ್ ಆದಾಗ ನೀವೇ ಇರಲ್ಲ."

"ಉಣ್ಣೋಕೆ ಬರೋರು ಇರ್ತಾರೆ," ಅಂದೆ. ಮಂಡಿ ಸವರಿಕೊಂಡು ಎಲ್ಲರ ಕಡೆ ತಿರುಗಿದೆ. ಹರಾಜು ಶುರು ಮಾಡಿ ಅಂದೆ. ಚೀಟಿ ಶಾಹಿದಾಗೇ ಹೋಯಿತು.

ಒಂದು ಮಾತು. ಉಳಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಹುಣಸಮಾರನಹಳ್ಳಿ ಕಡೆ ರಸ್ತೆಗೆ ಜಮೀನು ಕೊಟ್ಟ ನಮ್ಮ ನೆಂಟರು ಬಂದ ದುಡ್ಡನ್ನು ಹೇಗೆ ಕರಗಿಸಿದರೆಂದು ಕಣ್ಣಾರೆ ನೋಡಿದ್ದೇನೆ. ಮೊದಲು ಎರಡು ಕಾರು ತಂದರು. ಆಮೇಲೆ ಕಾರು ನಿಲ್ಲಿಸಲು ಬೇರೆಯವರ ಜಾಗಕ್ಕೆ ಬಾಡಿಗೆ ಕಟ್ಟಿದರು. ಎಕರೆಗಟ್ಟಲೆ ಇದ್ದವರು.

ಹುಡುಗಿಯ ಹೆದರಿಕೆಯೂ ಸುಳ್ಳಲ್ಲ. ಅವಳ ಪಕ್ಕದ ಸೀಟಿನವನಿಗೆ ಮಧ್ಯಾಹ್ನ ಊಟ ಮಾಡುವಾಗ ಕೆಲಸ ಇಲ್ಲವೆಂದು ಮೇಲ್ ಬಂತಂತೆ. ಕೈ ತೊಳೆದು ಬರುವಷ್ಟರಲ್ಲಿ ಅವನ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ. ಅದನ್ನು ಕಂಡವಳು ದುಡ್ಡು ಕೂಡಿಡದೆ ಇನ್ನೇನು ಮಾಡುತ್ತಾಳೆ? ಆದರೆ ಕಷ್ಟಕ್ಕೆ ಎಂದು ಇಟ್ಟ ದುಡ್ಡು ಕಷ್ಟ ಬಂದಾಗ ಹೊರಗೆ ಬರದಿದ್ದರೆ, ಅದನ್ನು ಯಾರಿಗೆ ಎಂದು ಇಟ್ಟ ಹಾಗಾಯಿತು?

ಒಂದನೇ ತಾರೀಕು ಬಂತು. ಸಂಬಳವೂ ಬಂತು. ಮೆಟ್ಟಿಲ ಮೇಲಿಂದಲೇ ಫೋನು ತೋರಿಸಿದಳು. ಎಮರ್ಜೆನ್ಸಿ ಡಬ್ಬಿ ಹಸಿರಾಗಿತ್ತು. ಪರದೆ ತುಂಬ ಬಣ್ಣದ ಕಾಗದದ ಚೂರುಗಳು ಉದುರುತ್ತಿದ್ದವು. ಅದರ ಹಿಂದೆ ಅವಳ ಮುಖ. ನಗಲು ನೋಡಿದಳು, ಆಗಲಿಲ್ಲ.

ಯಲಹಂಕ ನ್ಯೂಟೌನಿನ ಹಲ್ಲಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಡಾಕ್ಟರು. ಬಾಯಿ ನೋಡಿ, ಫೋಟೋ ತೆಗೆದು, "ಎಷ್ಟ್ ದಿನದಿಂದ ನೋವಿದೆ?" ಅಂದರು.

"ಒಂದ್ ತಿಂಗಳಾಯ್ತು," ನಾನಂದೆ.

"ಮೊದಲೇ ಬಂದಿದ್ರೆ ರೂಟ್ ಕೆನಾಲ್ ಮಾಡಿ ಉಳಿಸಬಹುದಿತ್ತು. ಈಗ ಬಿರುಕು ಬೇರಿಗೇ ಇಳಿದಿದೆ. ತೆಗೀಬೇಕು. ಆಮೇಲೆ ಹೊಸ ಹಲ್ಲು ಕೂರಿಸಿಕೊಳ್ಳಿ. ಇನ್ನೊಂದು ವಿಷ್ಯ, ಆಚೆ ಕೆನ್ನೆ ಕಡೆನೂ ಒಂದು ಹುಳುಕು ಶುರುವಾಗಿದೆ."

ಉಳಿಸಬಹುದಿತ್ತು ಎಂಬ ಮಾತು ಕೇಳಿ ಮೇಘನಾ ಕಣ್ಣು ಮುಚ್ಚಿಕೊಂಡಳು. ಅಳಲಿಲ್ಲ. ಲೆಕ್ಕ ಹಾಕುತ್ತಿದ್ದಳು ಅನ್ನಿಸುತ್ತದೆ.

ಹಲ್ಲು ಕಿತ್ತರು. ದುಡ್ಡು ಕಟ್ಟುವ ಕಡೆ ಬಂದೆವು. ಫೋನು ತೆಗೆದಳು. ಅವಳ ಬೆರಳು ಹಸಿರು ಡಬ್ಬಿಯ ಮೇಲೆ ಹೋಗಿ ನಿಂತಿತು. ಸದ್ಯ, ಬುದ್ಧಿ ಬಂತು ಅಂದುಕೊಂಡೆ. ಬೆರಳು ಅಲ್ಲಿಂದ ಜಾರಿ ‘ದಿನಸಿ’ ಎಂದಿದ್ದ ಡಬ್ಬಿಗೆ ಹೋಯಿತು. ಅಲ್ಲಿಂದಲೇ ಕಟ್ಟಿದಳು.

"ಯಾಕೇ?" ಅಂದೆ.

ಬಾಯಲ್ಲಿ ಹತ್ತಿ. ಫೋನಿನಲ್ಲಿ ಬರೆದು ತೋರಿಸಿದಳು. ನಾನು ಓದುವುದು ನಿಧಾನ, ಹಾಗಾಗಿ ಪೂರ್ತಿ ಅರ್ಥವಾಗುವಷ್ಟರಲ್ಲಿ ಆಟೋ ಸ್ಟ್ಯಾಂಡ್ ಬಂದಿತ್ತು. "ಈಗ ತಾನೇ ನೂರಾಗಿದೆ ಅಜ್ಜಿ, ಹೇಗೆ ಮುಟ್ಲಿ? ಹೇಗೂ ಒಂದ್ ವಾರ ಗಂಜಿ. ದಿನಸಿ ದುಡ್ಡು ಉಳಿಯುತ್ತೆ."

ಮನೆಗೆ ಬಂದವಳೇ ಹೊಸ ಡಬ್ಬಿ ತೆರೆದಳು. ಹೆಸರು ‘ಹಲ್ಲು’. ತುಂಬಲು ಒಂದೂವರೆ ವರ್ಷ ಬೇಕಂತೆ. ಹುಳುಕಿಗೆ ಡಬ್ಬಿ ಇನ್ನೂ ಇಲ್ಲ.

ಕೆಲಸ ಹೋದರೂ ಆರು ತಿಂಗಳು ಕೂತು ಉಣ್ಣುವಷ್ಟು ದುಡ್ಡು ಅವಳ ಹತ್ತಿರ ಈಗ ಪೂರ್ತಿ ಇದೆ. ಯಾವ ಕಡೆಯಿಂದ ಅಗಿಯುತ್ತಾಳೆ?