ಮಿಲಾನಿನಲ್ಲಿ ಅಗಿಯದೆ ನುಂಗಿದ್ದು

ಯಾವ ವಸ್ತು ಕೈಗೆ ಬಂದರೂ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವ ಚಾಳಿ ನನಗಿದೆ. ತೆಂಗಿನಕಾಯಿಯನ್ನು ಎಲ್ಲರೂ ಅಲ್ಲಾಡಿಸುತ್ತಾರೆ. ನಾನು ಬೆಂಕಿಪೊಟ್ಟಣ, ಔಷಧದ ಶೀಶೆ, ಮದುವೆಮನೆಯಲ್ಲಿ ಕೊಟ್ಟ ಸಿಹಿಯ ಡಬ್ಬಿ ಯಾವುದನ್ನೂ ಬಿಟ್ಟವನಲ್ಲ. ತಪ್ಪು ನನ್ನದಲ್ಲ, ಕಸುಬಿನದು. ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ಗೂಡು ಕೊಂಡು ರೇಷ್ಮೆ ನೂಲು ತೆಗೆದವನು ನಾನು. ರಾಶಿಯ ಮೇಲೆ ಬೆಳ್ಳಗೆ ಮಿಂಚುವ ಗೂಡನ್ನು ಬಿಟ್ಟು ತಳಕ್ಕೆ ಕೈ ಹಾಕಬೇಕು, ಕಿವಿಗೆ ಹಿಡಿದು ಅಲ್ಲಾಡಿಸಬೇಕು. ಒಳಗಿನ ಹುಳು ಗಟ್ಟಿಯಾಗಿದ್ದರೆ ಒಂದು ಸದ್ದು, ಕೊಳೆತಿದ್ದರೆ ಸದ್ದೇ ಇಲ್ಲ. ಬೆಳಗಾದರೆ ಅನುಮಾನ ಪಡುವುದೇ ಕೆಲಸವಾದ ಮೇಲೆ, ಮನೆಗೆ ಬಂದ ತಕ್ಷಣ ಅದನ್ನು ಅಂಗಿಯ ಜೊತೆ ಗೂಟಕ್ಕೆ ನೇತುಹಾಕಲು ಆಗುವುದಿಲ್ಲ.

ಇಂಥವನನ್ನು ಕಟ್ಟಿಕೊಂಡವಳು ಪಂಕಜ. ಚಿಂತಾಮಣಿಯ ಹೈಸ್ಕೂಲಿನಲ್ಲಿ ಭೂಗೋಳದ ಮೇಡಂ ಆಗಿದ್ದಳು. ಇಟಲಿ ಬೂಟಿನ ಹಾಗಿದೆ, ಅದರ ನೆತ್ತಿಯ ಕಡೆ ಮಿಲಾನ್ ಎಂಬ ದೊಡ್ಡ ಪಟ್ಟಣವಿದೆ ಎಂದು ವರ್ಷ ವರ್ಷವೂ ನಕ್ಷೆಗೆ ಕೋಲು ತಾಗಿಸಿ ಹೇಳಿದವಳು. ಕೋಲು ಮುಟ್ಟಿದ ಜಾಗವನ್ನು ಕಾಲಲ್ಲೂ ಮುಟ್ಟಬೇಕು, ಅಲ್ಲಿಯವರು ಉಣ್ಣುವುದನ್ನು ಅಲ್ಲೇ ಕೂತು ಉಣ್ಣಬೇಕು ಎಂಬುದು ಅವಳ ಬಹುದಿನದ ಆಸೆ. ನಿವೃತ್ತಿಯಾದ ಮೇಲೆ ಹಟ ಹಿಡಿದಳು. ವಿಮಾನ ಹತ್ತುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಅಲ್ಲಿ ಒಂದೇ ಒಂದೂಟ, ಇದ್ರಲ್ಲೇನಿದೆ, ಯಾರ್ ಮಾಡಿದ್ದು ಅಂತ ಕೇಳ್ದೆ ನನ್ ಜೊತೆ ತಿನ್ಬೇಕು. ಅಷ್ಟೇ ಕಣ್ರೀ ನಾನ್ ಕೇಳೋದು."

"ಒಂದೇನು, ಎಲ್ಲಾ ತಿಂತೀನಿ ಬಾರೇ" ಎಂದೆ. ನನ್ನ ಚೀಲದಲ್ಲಿ ಆಗಲೇ ಹುರಿಹಿಟ್ಟು, ಚಟ್ನಿಪುಡಿ, ನಿಪ್ಪಟ್ಟು ಬೆಚ್ಚಗೆ ಕೂತಿದ್ದವು.

ಮಿಲಾನಿನ ದೊಡ್ಡ ಚರ್ಚಿನ ಮುಂದೆ ನಿಂತಾಗ ಪಂಕಜಳ ಕಣ್ಣು ತುಂಬಿತು. ನನಗೆ ಅನುಮಾನ ತುಂಬಿತು. ನೂರಾರು ವರ್ಷದ ಕಲ್ಲು ಇಷ್ಟು ಬೆಳ್ಳಗಿರುವುದು ಹೇಗೆ? ಬೆರಳಿನ ಗೆಣ್ಣಿನಿಂದ ಒಂದು ಕಂಬವನ್ನು ತಟ್ಟಿ ನೋಡಿದೆ. ಕಾವಲಿನವನು ನನ್ನನ್ನು ಅದಕ್ಕಿಂತ ಹೆಚ್ಚು ಅನುಮಾನದಿಂದ ನೋಡಿದ. ರೇಷ್ಮೆ ಅಂಗಡಿಯಲ್ಲಿ ಸ್ಕಾರ್ಫಿನ ಅಂಚಿನಿಂದ ಒಂದೆಳೆ ಎಳೆದು, ಸುಟ್ಟರೆ ಅಸಲಿ ರೇಷ್ಮೆಯ ಹಾಗೆ ಕೂದಲು ಸುಟ್ಟ ವಾಸನೆ ಬರುತ್ತದೋ ಇಲ್ಲವೋ ನೋಡೋಣವೆಂದು ಜೇಬಿನಲ್ಲಿ ಬೆಂಕಿಪೊಟ್ಟಣ ಹುಡುಕಿದೆ. ಅಂಗಡಿಯಾಕೆಗೆ ನನ್ನ ಭಾಷೆ ಬರದಿದ್ದರೂ ಉದ್ದೇಶ ಚೆನ್ನಾಗಿ ಅರ್ಥವಾಯಿತು. ಪಂಕಜ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಅನುಮಾನಕ್ಕೆ ನನ್ನ ಬಳಿ ಚರಿತ್ರೆಯ ಆಧಾರವೂ ಇದೆ. ಚೀನಾದವರು ಗುಟ್ಟಾಗಿ ಇಟ್ಟಿದ್ದ ರೇಷ್ಮೆ ಹುಳುವಿನ ಮೊಟ್ಟೆಯನ್ನು ಪಶ್ಚಿಮಕ್ಕೆ ಸಾಗಿಸಿದವರು ಸನ್ಯಾಸಿಗಳಂತೆ, ಅದೂ ಟೊಳ್ಳು ಕೋಲಿನೊಳಗೆ ಬಚ್ಚಿಟ್ಟು. ಗಡಿಯಲ್ಲಿ ನನ್ನಂಥವನೊಬ್ಬ ಆ ಕೋಲನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ್ದರೆ ಆ ಅಂಗಡಿಯೂ ಇರುತ್ತಿರಲಿಲ್ಲ, ನನಗೆ ಆ ಮಾನಭಂಗವೂ ಆಗುತ್ತಿರಲಿಲ್ಲ. ಹೀಗೆಂದು ಪಂಕಜಳಿಗೆ ವಿವರಿಸಿದೆ. ಅವಳು ಟ್ರಾಮಿನ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಊಟದ ಕಥೆ ಇನ್ನೂ ಕೆಟ್ಟದು. ಮೊದಲ ದಿನ ಹಳದಿ ಅನ್ನ ಬಂತು. ಕೇಸರಿ ಎಂದರು. ಅಷ್ಟೊಂದು ಕೇಸರಿಯನ್ನು ಯಾರು ಹಾಕುತ್ತಾರೆ, ಬಣ್ಣವಿರಬೇಕು ಎಂದೆ. ಅಕ್ಕಿ ಬೇರೆ ನಡುವೆ ಗಟ್ಟಿಯಾಗಿತ್ತು, ಇನ್ನೊಂದು ಕುದಿ ಬರಲಿ ಎಂದು ವಾಪಸ್ಸು ಕಳಿಸಿದೆ. ಎರಡನೇ ದಿನ ಮಾಂಸ ಯಾವ ಪ್ರಾಣಿಯದು ಎಂದು ಫೋನಿನಲ್ಲಿ ಚಿತ್ರಗಳನ್ನು ತೋರಿಸಿ ವಿಚಾರಣೆ ನಡೆಸಿದೆ. ಮೂರನೇ ದಿನ ಟೊಮೇಟೊ ಮೂಸಿದೆ. ಚಿಂತಾಮಣಿ ಮಂಡಿಯ ಟೊಮೇಟೊ ಕಂಡ ಮೂಗು ಅಷ್ಟು ಸುಲಭಕ್ಕೆ ಒಪ್ಪುತ್ತದೆಯೇ? ದಿನವೂ ಕೊನೆಗೆ ಪಂಕಜ ಒಬ್ಬಳೇ ತಿನ್ನುತ್ತಿದ್ದಳು, ನಾನು ರೂಮಿಗೆ ಬಂದು ಹುರಿಹಿಟ್ಟು ಕಲಸುತ್ತಿದ್ದೆ. ಬರಬರುತ್ತಾ ಅವಳು ನಕ್ಷೆಯ ಬಗ್ಗೆ ಮಾತಾಡುವುದನ್ನೂ ಬಿಟ್ಟಳು.

ಕೊನೆಯ ದಿನ ಮಧ್ಯಾಹ್ನ ಸಣ್ಣದೊಂದು ಹೋಟೆಲಿಗೆ ಹೋದೆವು. ಅವಳೇ ಏನೋ ಹೇಳಿ ತರಿಸಿದಳು. ತಟ್ಟೆ ಬರುವ ಮುಂಚೆಯೇ ಕೈಕಟ್ಟಿ ಕೂತು ಹೇಳಿದಳು: "ಕೇಳಿ, ಏನಿದೆ ಅಂತ ಕೇಳ್ಬಿಡಿ. ಆಮೇಲೆ ನಾನೊಬ್ಳೇ ತಿಂತೀನಿ. ನಂಗೆ ಅಭ್ಯಾಸ ಆಯ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು. ಇಡೀ ಜನ್ಮದಲ್ಲಿ ಅವಳು ಕೇಳಿದ್ದು ಒಂದು ಊಟ.

ಅಷ್ಟರಲ್ಲಿ ತಟ್ಟೆ ಬಂತು. ನೋಡುತ್ತೇನೆ, ಮುದ್ದೆ! ಬಣ್ಣ ಹಳದಿ, ಸ್ವಲ್ಪ ಮೆತ್ತಗೆ, ಆದರೆ ಹಬೆಯಾಡುವ ಸಾಕ್ಷಾತ್ ಮುದ್ದೆ. ಮುಸುಕಿನ ಜೋಳದ ಹಿಟ್ಟಿನದು, ಹೆಸರು ಪೊಲೆಂಟ ಎಂದು ಆಮೇಲೆ ತಿಳಿಯಿತು. ಪಕ್ಕದಲ್ಲಿ ಕರಗಿದ ಚೀಸು ಸಾರಿನಂತೆ ನಿಂತಿತ್ತು. ನನ್ನ ಬಾಯಿ ಪ್ರಶ್ನೆ ಕೇಳುವ ಮೊದಲೇ ಕೈ ಮುಂದೆ ಹೋಯಿತು. ತುತ್ತು ಮುರಿದೆ, ಚೀಸಿನಲ್ಲಿ ಅದ್ದಿದೆ, ನಮ್ಮ ಕಡೆಯ ಯಾವ ಮಗುವಿಗೂ ಗೊತ್ತಿರುವ ಹಾಗೆ, ಅಗಿಯದೆ ಗುಳುಕ್ಕನೆ ನುಂಗಿದೆ.

ಸೊಪ್ಪಿನ ಸಾರು ಜಾರುತ್ತದೆ. ಚೀಸು ಜಾರುವುದಿಲ್ಲ. ಬೆಂಕಿಯಂಥ ತುತ್ತು ಗಂಟಲ ನಡುವೆ ನಿಂತು ಅಕ್ಕಪಕ್ಕ ನೋಡತೊಡಗಿತು. ನನ್ನ ಕಣ್ಣಲ್ಲಿ ಧಾರಾಕಾರ ನೀರು. ಬಡಿಸುವ ಮುದುಕ ನೀರಿನ ಶೀಶೆ ಹಿಡಿದು ಓಡಿಬಂದು ಬೆನ್ನು ಗುದ್ದಿದ. ತುತ್ತು ಕೆಳಗಿಳಿದು ನಾನು ಉಸಿರಾಡಿದ ಮೇಲೆ ನೋಡಿದರೆ ಪಂಕಜ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು, ಮಿಲಾನಿಗೆ ಬಂದ ಮೇಲೆ ಮೊದಲ ಸಲ.

"ಅಯ್ಯೋ, ಇಲ್ಲೂ ಅಗೀಲಿಲ್ವಲ್ರೀ! ಅದಕ್ಕೇ ಮೆಂತ್ಯ ಗೊತ್ತಾಗ್ಲಿಲ್ಲ ನಿಮ್ಗೆ."

"ಯಾವ ಮೆಂತ್ಯ?"

ಬಾಯಿ ಜಾರಿತ್ತು. ಇನ್ನು ಮುಚ್ಚಿಡುವುದೇನೆಂದು ಹೇಳಿಯೇಬಿಟ್ಟಳು. ಎಂಟು ವರ್ಷದ ಹಿಂದೆ ನನಗೆ ಶುಗರ್ ಬಂದಾಗ ಅವಳು ಮೆಂತ್ಯ ತಿನ್ನಿ ಎಂದಿದ್ದಳು. ಫೋನಿನಲ್ಲಿ ಬರುವ ಬುರುಡೆ ಎಂದು ನಾನು ಮುಟ್ಟಿರಲಿಲ್ಲ. ಅಂದಿನಿಂದ ದಿನವೂ ನನ್ನ ಮುದ್ದೆಯ ಹಿಟ್ಟಿಗೆ ಒಂದು ಚಮಚ ಮೆಂತ್ಯದ ಪುಡಿ ಬೀಳುತ್ತಿದೆ. ಶುಗರ್ ಹತೋಟಿಗೆ ಬಂದದ್ದು ನನ್ನ ವಾಕಿಂಗಿನ ಮಹಿಮೆ ಎಂದು ನಾನು ಕೈವಾರದ ನೆಂಟರವರೆಗೂ ಸಾರಿಕೊಂಡು ಬಂದಿದ್ದೆ.

ತಳದ ಗೂಡಿಗೂ ಕೈ ಹಾಕಿ ನೋಡುವ ನಾನು, ಎಂಟು ವರ್ಷ ನನ್ನದೇ ತಟ್ಟೆಯಲ್ಲಿದ್ದುದನ್ನು ಕಂಡಿರಲಿಲ್ಲ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ತಟ್ಟೆಯನ್ನು ಇಬ್ಬರ ನಡುವೆ ಎಳೆದಳು. ಉಳಿದದ್ದನ್ನು ಊದಿ ಆರಿಸಿಕೊಂಡು, ಏನೂ ಕೇಳದೆ, ಇಬ್ಬರೂ ಖಾಲಿ ಮಾಡಿದೆವು.

ಊರಿಗೆ ಬಂದ ಮಾರನೆಯ ದಿನ ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ತುತ್ತು ಬಾಯಿಗಿಟ್ಟೆ. ನಾಲಗೆ ತಡಕಾಡಿತು, ಹಲ್ಲು ಸಿದ್ಧವಾಯಿತು. ಒಂದು ಸಲ ಅಗಿದರೆ ಸಾಕು, ಇವತ್ತು ಏನಿದೆ, ಎಷ್ಟಿದೆ, ಎಲ್ಲ ಬಯಲು. ಪಂಕಜ ಎದುರಿಗೆ ನಿಂತು ನೋಡುತ್ತಿದ್ದಳು.

"ಏನು, ಅಗಿದ್ ನೋಡಲ್ವಾ?" ಎಂದಳು.

ನುಂಗಿದೆ. ನುಂಗಿ ತಟ್ಟೆ ಮುಂದಕ್ಕೆ ಒಡ್ಡಿದೆ.

"ಇನ್ನರ್ಧ ಹಾಕು ಕಣೇ."