ಸ್ಪೆಲ್ಲಿಂಗಿನ ಭಯ ಬಿಡಿಸಿದ ರಾಜೇಸಾಬ್ ಗುರುಗಳು

ಲಿಂಗಸುಗೂರು, ಮಸ್ಕಿ, ಸಿಂಧನೂರು ಭಾಗದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದವರು ಹಲವರಿದ್ದಾರೆ. ಆದರೆ ಇಂಗ್ಲಿಷ್ ಪರೀಕ್ಷೆ ಎಂದೊಡನೆ ಬೆವರುತ್ತಿದ್ದ ಹಳ್ಳಿಯ ಮಕ್ಕಳಿಗೆ ಧೈರ್ಯ ತುಂಬಿದವರಲ್ಲಿ ಮೊದಲು ನೆನಪಾಗುವವರು, ಈಗ ನಿವೃತ್ತರಾಗುತ್ತಿರುವ ಪೂಜ್ಯ ರಾಜೇಸಾಬ್ ಗುರುಗಳು. ಎಂಬತ್ತರ ದಶಕದಲ್ಲಿ ಲಿಂಗಸುಗೂರಿನಲ್ಲೂ ಮಸ್ಕಿಯಲ್ಲೂ ಕಲಿಸಿ ಅವರು ಸಿಂಧನೂರಿಗೆ ವರ್ಗವಾಗಿ ಬಂದ ವರ್ಷ, ನಾನು ಜವಳಗೇರಾದಿಂದ ಬಸ್ಸಿನಲ್ಲಿ ಬಂದು ಹತ್ತನೆಯ ತರಗತಿ ಓದುತ್ತಿದ್ದೆ.

೧೯೮೮ರ ಎಸ್‌ಎಸ್‌ಎಲ್‌ಸಿಯಲ್ಲಿ ನಾನು ಇಂಗ್ಲಿಷ್ ಒಂದರಲ್ಲೇ ಅನುತ್ತೀರ್ಣಳಾದೆ. ಕಿವಿಗೆ ಕೇಳಿದಂತೆ ಬರೆಯುವುದು ನನ್ನ ರೂಢಿ. ಉತ್ತರ ಗೊತ್ತಿದ್ದರೂ ಪದಗಳೆಲ್ಲ ತಪ್ಪು. ನಮ್ಮಪ್ಪ ದುರುಗಪ್ಪ ನನ್ನ ಓದು ಅಲ್ಲಿಗೇ ಮುಗಿಯಿತೆಂದ. ಸುದ್ದಿ ತಿಳಿದ ಗುರುಗಳು ನೇರವಾಗಿ ನಮ್ಮ ಗದ್ದೆಗೇ ಬಂದರು.

"ದುರುಗಪ್ಪ, ಹುಡುಗಿಗೆ ಇಂಗ್ಲಿಷ್ ಬರ್ತೈತಿ. ಸ್ಪೆಲ್ಲಿಂಗ್ ಅಷ್ಟ ಬರಂಗಿಲ್ಲ. ಅಕ್ಟೋಬರ್ ಪರೀಕ್ಷೆಗೆ ಒಮ್ಮಿ ಕೂಡಸು."

"ನಾಟಿ ಸುರುವಾಗೇತ್ರಿ ಸರ, ಆಳು ಸಿಗವಲ್ರು. ಆಕಿ ಪುಸ್ತಕ ಹಿಡಕೊಂಡು ಕುಂತ್ರ ಹೆಂಗ್ರಿ?"

"ಕುಂದ್ರೂದು ಬ್ಯಾಡ. ಸಸಿ ಹಚ್ಚಲಿ. ನಾನ ಬರ್ತೀನಿ."

ಅಂದಂತೆಯೇ ರಜಾದಿನಗಳಲ್ಲಿ ಬಸ್ಸಿಳಿದು ಬಂದು, ಕೊಡೆ ಹಿಡಿದು ಬದುವಿನ ಮೇಲೆ ನಿಂತು ಅವರು ಪದಗಳನ್ನು ಕೂಗುತ್ತಿದ್ದರು. ಕೆಸರಿನಲ್ಲಿ ಬಾಗಿದ ನಾನು ಅಕ್ಷರಗಳನ್ನು ಬಿಡಿಸಿ ಹೇಳುತ್ತಿದ್ದೆ. "ಓದೂಮುಂದ 'ನೈಫ್' ಅನ್ನು, ಬರೆಯೂಮುಂದ ಮನಸಿನ್ಯಾಗ 'ಕ್ನೈಫ್' ಅನ್ನು. ಆಗ ಮೊದಲನೇ ಅಕ್ಷರ ತಪ್ಪಂಗಿಲ್ಲ," ಎನ್ನುವರು. ನನ್ನ ಪಕ್ಕದಲ್ಲಿ ಸಸಿ ಹಚ್ಚುತ್ತಿದ್ದ ಆದಮ್ಮತ್ತೆ ನಡು ನೆಟ್ಟಗೆ ಮಾಡಿ, "ಒಂದು ಚಾಕೂ ಹೆಸರಿಗೆ ಇಷ್ಟು ತ್ರಾಸೇನ್ರಿ ಸರ?" ಎಂದು ಕೇಳಿದಾಗ ಗದ್ದೆಗೆ ಗದ್ದೆಯೇ ನಕ್ಕಿತು, ಗುರುಗಳೂ ನಕ್ಕರು.

ಪರೀಕ್ಷೆ ಹತ್ತಿರವಾದಾಗ ಒಂದೇ ಪದ ಮತ್ತೆ ಮತ್ತೆ ತಪ್ಪಿ ನಾನು ಅತ್ತುಬಿಟ್ಟೆ. "ನನಗ ಬರಂಗಿಲ್ರಿ ಸರ."

"ಅದೊಂದು ಮಾತು ಭಾಳ ಚಂದ ಕಲ್ತೀದಿ. ಅದನ್ನ ಮರಿ. ಹೂಂ, ಇನ್ನೊಮ್ಮಿ ಹೇಳು," ಎಂದರು. ಗದರಲಿಲ್ಲ, ಬಸ್ಸಿಗೆ ಹೊತ್ತಾಯಿತೆಂದು ಹೊರಡಲೂ ಇಲ್ಲ. ಸರಿಯಾಗಿ ಹೇಳಿದ ಮೇಲೆಯೇ ಕೊಡೆ ಮಡಚಿದರು.

ನಾನು ಪಾಸಾದೆ. ಮುಂದೆ ಶಿಕ್ಷಕಿಯ ತರಬೇತಿ ಪಡೆದು, ತೊಂಬತ್ತರ ದಶಕದಲ್ಲಿ ಮುಕ್ಕುಂದದ ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಆದರೆ ಗುರುಗಳ ದೊಡ್ಡ ಗೆಲುವು ನನ್ನ ನೌಕರಿಯಲ್ಲ. ಫಲಿತಾಂಶ ಬಂದ ಮರುದಿನ ನಮ್ಮಪ್ಪ ಯಾರೂ ಹೇಳದೆ ಸಿಂಧನೂರಿನ ಅವರ ಮನೆಗೆ ಹೋಗಿ, ಓದು ಬಿಡಿಸಿದ್ದ ನನ್ನ ತಂಗಿಯನ್ನು ಮುಂದೆ ನಿಲ್ಲಿಸಿ ಅಂದನಂತೆ:

"ಸರ, ಈಕಿ ಸಣ್ಣಾಕಿ. ಈಕಿನ್ನೂ ಸಾಲಿಗೆ ಹಚ್ಚಾಕ ಬಂದೀನ್ರಿ."

ಗುರುಗಳು ನೂರ್ಕಾಲ ಬಾಳಲಿ. ಅವರ ಮನೆಯ ಕಟ್ಟೆಯ ಮೇಲೆ ಪಾಠಕ್ಕೆ ಕೂಡುವ ನಮ್ಮೂರುಗಳ ಮಕ್ಕಳು ಇನ್ನೂ ಬಹುಕಾಲ ತಪ್ಪು ಬರೆಯಲಿ, ತಿದ್ದಿಸಿಕೊಳ್ಳಲಿ.