ಕಂಬಿಗೆ ಜೋತುಬಿದ್ದ ಭಟ್ರು

ನಿವೃತ್ತಿಗೆ ಒಂದು ವರ್ಷ ಬಾಕಿ ಇತ್ತು. ಚೆನ್ನೈಯ ಪೋರೂರಿನ ಒಂದು ಆಸ್ಪತ್ರೆಯಲ್ಲಿ ನಾನು ಟ್ರೆಡ್‌ಮಿಲ್ ಟೆಕ್ನಿಷಿಯನ್. ಎಸ್ಸೆಸ್ಸೆಲ್ಸಿ ಮುಗಿಸಿ ಬಂದು, ನೋಡಿ ನೋಡಿಯೇ ಕೆಲಸ ಕಲಿತವನು. ರೋಗಿಯ ಎದೆಗೆ ಇಸಿಜಿ ತಂತಿ ಅಂಟಿಸಿ, ಓಡುವ ಪಟ್ಟಿಯ ಮೇಲೆ ನಡೆಸಬೇಕು. ಮೂರು ನಿಮಿಷಕ್ಕೊಂದು ಹಂತ, ಹಂತಹಂತಕ್ಕೂ ವೇಗವೂ ಪಟ್ಟಿಯ ಏರೂ ಹೆಚ್ಚುತ್ತವೆ. ಎಷ್ಟು ಹೊತ್ತು ನಡೆದರು ಎನ್ನುವುದರಿಂದ ಏರೋಬಿಕ್ ಶಕ್ತಿಯ, ಅಂದರೆ ಹೃದಯ ಶ್ವಾಸಕೋಶಗಳ ದಮ್ಮಿನ, ಅಂದಾಜು. ಮುಂದಿನ ಕಂಬಿಗೆ ಬೆರಳು ತಾಗಬಹುದು, ಮೈಭಾರ ಹಾಕಬಾರದು. ಹಾಕಿದರೆ ಇಲ್ಲದ ಶಕ್ತಿ ಇದ್ದಂತೆ ಕಾಣುತ್ತದೆ. ಡಾಕ್ಟರು ಇಸಿಜಿ ಪರದೆ ನೋಡುತ್ತಾರೆ. ಕೈ ನೋಡುವುದು ನನ್ನ ಕೆಲಸ.

ಅಂದು ಬಂದವರು ವಾಸುದೇವ ಭಟ್ರು, ಪ್ಯಾರೀಸ್ ಕಾರ್ನರ್ ಹತ್ತಿರದ ಉಡುಪಿ ಹೋಟೆಲಿನ ಮುಖ್ಯ ಅಡುಗೆಯವರು. ಅರವತ್ತು ದಾಟಿತ್ತು. ನಾನು ಈ ಊರಿಗೆ ಬಂದ ಹೊಸತರಲ್ಲಿ ಅವರ ಅಡುಗೆಮನೆಯಲ್ಲಿ ಉಂಡವನು. ಅವರ ರಕ್ತದಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಹೆಚ್ಚಿತ್ತು.

"ದಿನವಿಡೀ ಒಲೆ ಎದುರು ನಿಂತೇ ಇರ್ತೇನೆ ಮಾರಾಯ, ಇದಕ್ಕಿಂತ ವ್ಯಾಯಾಮ ಉಂಟಾ?" ಎಂದು ನಗುತ್ತಲೇ ಹತ್ತಿದರು.

ಎರಡನೇ ಹಂತಕ್ಕೇ ಏದುಸಿರು. ಎರಡೂ ಕೈಯಿಂದ ಕಂಬಿಗೆ ಜೋತುಬಿದ್ದರು.

"ಭಟ್ರೇ, ಕೈ..."

"ಸುಮ್ಮನಿರು ಮಾರಾಯ, ಹೊರಗೆ ಹೆಂಡತಿ ಕೂತಿದ್ದಾಳೆ. ಮರ್ಯಾದೆ ತೆಗೀಬೇಡ."

ಸುಮ್ಮನಾದೆ. ಹಿರಿಯರು, ಅನ್ನ ಹಾಕಿದವರು. ಮೂರನೇ ಹಂತವೂ ಮುಗಿಯಿತು. ಡಾಕ್ಟರು ಪರದೆಯಿಂದ ಕಣ್ಣು ತೆಗೆಯದೆ "ಪರವಾಯಿಲ್ಲೆಯೇ!" ಎಂದು ತಮಿಳಿನಲ್ಲಿ ಮೆಚ್ಚಿದರು. ಶಕ್ತಿ ಚೆನ್ನಾಗಿದೆ ಎಂದು ವರದಿಯಾಯಿತು. ಕೊಲೆಸ್ಟ್ರಾಲಿಗೆ ಮಾತ್ರೆ ಸದ್ಯಕ್ಕೆ ಬೇಡ, ಎಣ್ಣೆ ತುಪ್ಪ ಇಳಿಸಿ, ದಿನಾ ನಡೆಯಿರಿ, ಆಮೇಲೆ ರಕ್ತ ನೋಡೋಣ ಎಂದರು.

ನಿಜ ಹೇಳಿಬಿಡೋಣವೆಂದು ಮರುದಿನ ಹೋಟೆಲಿಗೆ ಹೋದೆ. "ನನ್ನನ್ನು ಪಾಸ್ ಮಾಡಿದ ಮೇಷ್ಟ್ರು ಬಂದ್ರು!" ಎಂದು ಭಟ್ರು ಎಲ್ಲರೆದುರು ಕೂಗಿ, ಬಿಸಿ ಶೀರಾ ತಂದಿಟ್ಟರು. ತಿಂದು ಬಂದೆ. ಡಾಕ್ಟರಿಗೂ ಹೇಳಲಿಲ್ಲ.

ಭಟ್ರು ನಡೆಯಲೂ ಇಲ್ಲ, ರಕ್ತ ಪರೀಕ್ಷೆಗೆ ಮತ್ತೆ ಬರಲೂ ಇಲ್ಲ. ಕೆಲವೇ ತಿಂಗಳಲ್ಲಿ ಅಡುಗೆಮನೆಯಲ್ಲೇ ಹೃದಯಾಘಾತವಾಯಿತು. ಬದುಕಿಕೊಂಡರು, ಆದರೆ ಒಲೆಯ ಮುಂದೆ ಇನ್ನು ನಿಲ್ಲುವಂತಿರಲಿಲ್ಲ. ಹಾಸಿಗೆಯ ಪಕ್ಕ ಕೂತು ಎಲ್ಲ ಹೇಳಿದೆ.

"ಬಿಡು ಮಾರಾಯ, ಹಿಡ್ಕೊಂಡದ್ದು ನಾನಲ್ವಾ," ಎಂದರು.

ಕಿತ್ತಳೆ ಸುಲಿಯುತ್ತಿದ್ದ ಅವರ ಹೆಂಡತಿ ತಲೆ ಎತ್ತಲಿಲ್ಲ. "ಇವರಿಗೆ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತು."

ಕೆಲಸ ಕಲಿಸಿದ್ದು ಇಷ್ಟೇ, ಅದೂ ತಡವಾಗಿ: ಪಟ್ಟಿ ನಿಲ್ಲಿಸಿ, ಅವರನ್ನು ಕೈಹಿಡಿದು ಇಳಿಸಿ, "ಭಟ್ರೇ, ನಿಮ್ಮಿಂದ ಆಗ್ತಾ ಇಲ್ಲ" ಎನ್ನುವುದೇ ಅಂದು ನಾನು ಅವರಿಗೆ ಕೊಡಬೇಕಾಗಿದ್ದ ಮರ್ಯಾದೆ.